ನಲ್ಲಿಗೆ ಉಡಿಸಿದ ಲಂಗ

"ಕೈ ಚಾಚೇ ಝಂಬಿಲಾ, ಮುದಿ ಮುಂಡೆ! ನೋಡಿ ಮೇಡಂ, ಈ ಉಗುರಲ್ಲಿ ಆಲೂಗಡ್ಡೆನೇ ಬೆಳೀಬೋದು."

ಮೇಯರ್ ಗ್ರಿಗೊರೆ ನನ್ನ ಕೈ ಎತ್ತಿ ಹಿಡಿದು ನಕ್ಕ. ನಾನೂ ನಕ್ಕೆ. ನೀರು ಬೇಕಾದವರು ನಗಲೇಬೇಕು. ಊರಿನ ನಲ್ಲಿ ಅವನ ಮನೆ ಮುಂದೆಯೇ ನಿಂತುಬಿಟ್ಟಿದೆ, ನಮಗೆ ಅದನ್ನು ಮುಟ್ಟಲು ಬಿಡುವುದಿಲ್ಲ. ಅದರ ಕೆಳಗಿನ ಇಳಿಜಾರಿನಲ್ಲಿ ರೋಮಾ ಜನ ನಾವು, ಊರವರ ಬಾಯಲ್ಲಿ ಜಿಪ್ಸಿಗಳು, ಕಸಾಯಿಖಾನೆಯ ಹಳ್ಳದ ನೀರು ಕುಡಿಯುವವರು. ಅದನ್ನು ಕುಡಿದೇ ಮೊಮ್ಮಗಳು ನರ್ಚೀಸಾ ಭೇದಿ ಹತ್ತಿ ಮಲಗಿದ್ದಳು. ದೂರದೇಶದ ಧರ್ಮಸಂಸ್ಥೆಯ ಕರೀನ್ ಮೇಡಂ ನಮಗೆ ಶುಚಿತ್ವದ ಪಾಠ ಹೇಳಲು ಬಂದಿದ್ದರು. ಚೆನ್ನಾಗಿ ಕಲಿತರೆ ಕೇರಿಗೂ ನಲ್ಲಿ ಹಾಕಿಸುತ್ತೇನೆ ಎಂದಿದ್ದ ಮೇಯರ್.

ಮೇಡಂ ಕೆಂಪು ಬೇಸಿನ್ನಿನಲ್ಲಿ ಕೈ ತೊಳೆದರು. ಆಮೇಲೆ ಒಂದು ಲಂಗ ಒಗೆದರು. ಬೇಸಿನ್ನನ್ನು ಸೋಪು ಹಾಕಿ ಉಜ್ಜಿ, ಹೊಸ ನೀರು ತುಂಬಿ, ಅದರಲ್ಲೇ ಸೂಪಿನ ಬಟ್ಟಲು ಅದ್ದಿದರು.

ನಮ್ಮ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು. ಸೊಂಟದ ಕೆಳಗಿನ ಬಟ್ಟೆ ಒಗೆದ ಬೇಸಿನ್ನಿನಲ್ಲಿ ನಾವು ಯಾವತ್ತೂ ಪಾತ್ರೆ ತೊಳೆಯುವುದಿಲ್ಲ. ಅಂಥ ಬಟ್ಟಲಲ್ಲಿ ಉಂಡವರ ಜೊತೆ ಯಾರೂ ಕೂತು ಉಣ್ಣುವುದೂ ಇಲ್ಲ. ತಿಪ್ಪೆ ಪಕ್ಕ ಬದುಕುವವರಿಗೂ ಮಡಿಯಂತೆ, ಮಡಿ! ಏನು ಮಾಡೋಣ, ನಮಗೆ ಇದ್ದದ್ದೇ ಅದೊಂದು ಆಸ್ತಿ.

ಮೇಡಂ ಆ ಬಟ್ಟಲಿಗೆ ಹುಳಿ ಸೂಪು ಬಡಿಸಿ ನನ್ನ ಕೈಗೇ ಕೊಟ್ಟರು. ಎದುರಿಗೆ ಅವರ ಸಂಸ್ಥೆಯ ಕ್ಯಾಮೆರಾ.

"ಬ್ಯಾಡ ಅತ್ತೆಮ್ಮ," ಸೊಸೆ ಗರೊಫಿನಾ ತೋಳು ಜಗ್ಗಿದಳು. "ನಾಳಿಂದ ನಿನ್ ಜೊತೆ ಯಾರೂ ಉಣ್ಣಕ್ಕಿಲ್ಲ."

"ನಿನ್ ಮಗ್ಳು ಸಾಯ್ತಾವ್ಳೆ ಕಣೇ."

ಕುಡಿದೆ. ರುಚಿಯಾಗಿತ್ತು, ಹಾಳಾದ್ದು. ಮಾನ ಹೋದ ಮೇಲೆ ಸೂಪನ್ನಾದರೂ ಯಾಕೆ ಬಿಡಲಿ ಎಂದು ಬಟ್ಟಲನ್ನೂ ನೆಕ್ಕಿದೆ. ಮೇಡಂ ಕಣ್ಣು ತುಂಬಿ ನನ್ನನ್ನು ಅಪ್ಪಿಕೊಂಡರು. ನಮ್ಮವರು ಹಿಂದೆ ಸರಿದರು.

ಮೇಡಂ ಕಾರು ಹೋದ ಮೇಲೆ ಮೇಯರನ್ನು ಕೇಳಿದೆ. "ನಲ್ಲಿ ಯಾವಾಗ ಸಾಮಿ?"

"ಯಾವ ನಲ್ಲಿ? ಶುಚಿಯಾಗಿರೋದು ಕಲ್ತ್ರಲ್ಲ, ಹಳ್ಳದ್ ನೀರ್ನೇ ಕಾಯಿಸ್ಕೊಂಡು ಕುಡೀರಿ. ಹೋಗ್ ಅತ್ಲಾಗೆ, ನಾರ್ತೀಯ."

ಬಕೆಟ್ಟು ಹಿಡಿದು ಸೀದಾ ಅವನ ಮನೆ ಮುಂದಿನ ನಲ್ಲಿಗೆ ಹೋದೆ. ನಾವು ಒಂದರ ಮೇಲೊಂದು ಲಂಗ ಉಡುವವರು. ಮೇಲಿನದನ್ನು ಬಿಚ್ಚಿ ನಲ್ಲಿಗೆ ಸುತ್ತಿ ಗಂಟು ಹಾಕಿದೆ. ಹೆಂಗಸಿನ ಲಂಗ ತಾಗಿದ್ದೆಲ್ಲ ಮೈಲಿಗೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಶಾಪವಿಲ್ಲ. ಹಾಕಿದ ಮೇಲೆ ಹೊಳೆಯಿತು, ಆ ಮೈಲಿಗೆ ತಟ್ಟುವುದು ನಮ್ಮವರಿಗೆ ಮಾತ್ರ! ಊರವರಿಗೆ ಅದು ಬರೀ ಬಟ್ಟೆ. ಇಡೀ ಮೊಲ್ಡೋವಾದಲ್ಲಿ ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ.

"ತೆಗಿಯೇ ಅದ್ನ!" ಗ್ರಿಗೊರೆ ಗೇಟಿನಿಂದ ಕಿರುಚಿದ. "ಥೂ, ಗಬ್ಬು ಜಿಪ್ಸಿ ಲಂಗ!"

"ನೀನೇ ಬಂದ್ ತೆಗಿ."

ಬಂದ. ಕೈ ಚಾಚಿದ. ಹಿಂದಕ್ಕೆಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ. ನೀರಿಗೆ ಬಂದ ಅವನ ಹೆಂಡತಿ ಮೂಗು ಮುಚ್ಚಿ ಖಾಲಿ ಕೈಯಲ್ಲಿ ಹಿಂದಿರುಗಿದಳು. ನಮ್ಮವರು ರಸ್ತೆಯಾಚೆಯೇ ನಿಂತರು. ಅಷ್ಟು ಜನರಲ್ಲಿ ಆ ನಲ್ಲಿ ಮುಟ್ಟಬಲ್ಲವಳು ಆ ಸೂಪು ಕುಡಿದು ಆಗಲೇ ಕೆಟ್ಟುಹೋಗಿದ್ದ ನಾನೊಬ್ಬಳೇ. ಎಳೆ ಮಕ್ಕಳಿಗೆ ನಮ್ಮಲ್ಲಿ ಮೈಲಿಗೆಯಿಲ್ಲ, ನರ್ಚೀಸಾ ಕುಡಿಯಬಹುದು.

ಬಕೆಟ್ಟು ಇಟ್ಟು ನಲ್ಲಿ ತಿರುಗಿಸಿದೆ.

"ಪೊಲೀಸ್ರನ್ ಕರೀತೀನಿ!"

"ಕರಿ. ಬಕೆಟ್ ತುಂಬೋಗಂಟ ನಾನೆಲ್ಲೂ ಹೋಗಕ್ಕಿಲ್ಲ."