ಶುಕ್ರಿಯ ಪೆದ್ದ ಹಕ್ಕಿಗಳು

ಪಾರಿವಾಳ ಹಾರಿಸುವವನ ಸಾಕ್ಷಿಯನ್ನು ಯಾವ ನ್ಯಾಯಾಧೀಶನೂ ನಂಬುವುದಿಲ್ಲ ಎಂಬ ಮಾತು ಅಮ್ಮಾನಿನ ಗುಡ್ಡಗಳಲ್ಲಿ ಹಳೆಯದು. ಆದರೆ ಅವರವರ ನಡುವಿನ ಕಟ್ಟಳೆಗೆ ಅವರು ತಪ್ಪುವವರಲ್ಲ. ಇಬ್ಬರು ಹಾರಿಸುವವರ ನಡುವೆ ಒಂದೋ ಸಂಧಿ, ಇಲ್ಲವೇ ಯುದ್ಧ. ಸಂಧಿಯಿದ್ದರೆ ದಾರಿ ತಪ್ಪಿ ಬಂದ ಹಕ್ಕಿಯನ್ನು ಅದರ ಯಜಮಾನನಿಗೆ ಮರಳಿಸಬೇಕು, ಮೇಲೊಂದು ಲೋಟ ಚಹಾ ಕೊಡಬೇಕು. ಯುದ್ಧವಿದ್ದರೆ ಹಿಡಿದವನದೇ ಹಕ್ಕಿ. ಬೇಕಾದವನು ದುಡ್ಡು ತೆತ್ತು ಬಿಡಿಸಿಕೊಳ್ಳಬೇಕು, ಬೇಡವಾದರೆ ಅದು ಶುಕ್ರವಾರದ ಸಂತೆಗೆ.

ಹಿಕ್ಮತನಿಗೂ ಎದುರು ಮಾಳಿಗೆಯ ಶುಕ್ರಿಗೂ ಒಂಬತ್ತು ವರ್ಷಗಳಿಂದ ಯುದ್ಧ. ಅದಕ್ಕೂ ಮೊದಲು ಒಂದೇ ತಟ್ಟೆಯಲ್ಲಿ ಉಂಡವರು. ಒಂದು ಬೂದು ಹಕ್ಕಿ ಯಾರದೆಂದು ಜಗಳ ಶುರುವಾಗಿ, ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯುವತನಕ ಹೋಗಿ, ಅಲ್ಲಿಗೆ ಮಾತು ನಿಂತಿತ್ತು. ಎಷ್ಟೇ ಆದರೂ ಗಂಡಸರು, ಬುದ್ಧಿ ಎಲ್ಲಿಂದ ಬರಬೇಕು!

ಹಿಕ್ಮತ್ ದರ್ಜಿ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ. ಅದೇ ವರ್ಷ ಹೆಂಡತಿ ಇಂಸಾಫಳ ಮೂತ್ರಪಿಂಡಗಳು ಕೈಕೊಟ್ಟವು. ವಾರ ವಾರವೂ ಸೂಜಿಮದ್ದು ಬೇಕು, ಅದರ ಬೆಲೆಯೋ ಬೆಂಕಿ. ಸುದ್ದಿ ತಿಳಿದ ಶುಕ್ರಿ ಲಕೋಟೆಯೊಂದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದ. ಹಿಕ್ಮತ್ ಅದನ್ನು ಬೀದಿಗೆ ಎಸೆದ.

"ಭಿಕ್ಷೆ ಹಾಕೋದಿದ್ರೆ ಮಸೀದಿ ಬಾಗಿಲಿಗೆ ಹೋಗಯ್ಯಾ! ನಾನಿನ್ನೂ ಸತ್ತಿಲ್ಲ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಇಂಸಾಫ್ ಅಂದು ಊಟ ಮಾಡಲಿಲ್ಲ.

ಆ ಚಳಿಗಾಲದಿಂದ ಹಿಕ್ಮತನಿಗೆ ಅದೃಷ್ಟ ಖುಲಾಯಿಸಿತು. ಶುಕ್ರಿಯ ಹಕ್ಕಿಗಳು ಒಂದರ ಹಿಂದೊಂದು ಅವನ ಮಾಳಿಗೆಗೆ ಇಳಿಯತೊಡಗಿದವು. ಹಿಡಿ ಜೋಳ ಎರಚಿ, ತನ್ನ ಬಿಳಿ ಹೆಣ್ಣು ಹಕ್ಕಿಯನ್ನು ಒಮ್ಮೆ ಮೇಲೆತ್ತಿ ತೋರಿಸಿದರೆ ಸಾಕು, ಬಂದು ಕೂತುಬಿಡುತ್ತಿದ್ದವು. ಸಂಜೆಗೆ ಶುಕ್ರಿ ತಲೆ ತಗ್ಗಿಸಿ ಬಂದು ಕೇಳಿದಷ್ಟು ಕೊಟ್ಟು ಬಿಡಿಸಿಕೊಂಡು ಹೋಗುತ್ತಿದ್ದ. ವಾರ ಕಳೆದರೆ ಅದೇ ಹಕ್ಕಿ ಮತ್ತೆ ಬರುತ್ತಿತ್ತು.

ಕಾಫಿ ಅಂಗಡಿಯಲ್ಲಿ ಹಿಕ್ಮತನ ಬಾಯಿಗೆ ಬೀಗವೇ ಇರಲಿಲ್ಲ. "ಹೊಸ ಹಕ್ಕಿಗೆ ತಿಂಗಳಾದ್ರೂ ರೆಕ್ಕೆ ಕಟ್ಟಿ ಗೂಡಿನ ಪರಿಚಯ ಮಾಡಿಸ್ಬೇಕು. ಇವ್ನು ಇವತ್ತು ಕೊಂಡದ್ದನ್ನ ನಾಳೆ ಹಾರಿಸ್ತಾನೆ! ವಯಸ್ಸಾಯ್ತು, ತಲೇಲಿದ್ದದ್ದೂ ಹಾರಿಹೋಯ್ತು."

"ಪಾಪ ರೀ, ಒಂದನ್ನಾದ್ರೂ ಹಾಗೇ ಕೊಡಬಾರದಾ?" ಎನ್ನುತ್ತಿದ್ದಳು ಇಂಸಾಫ್.

"ಯುದ್ಧ ಅಂದ್ರೆ ಯುದ್ಧ ಕಣೇ. ನಾನೇನು ಕದ್ದೆನಾ? ದುಡಿದದ್ದು."

ಎರಡು ವರ್ಷ ಆಕೆಯ ಸೂಜಿಮದ್ದು ತಪ್ಪಲಿಲ್ಲ.

ಮೂರನೆಯ ವಸಂತದಲ್ಲಿ, ಮರುಭೂಮಿಯ ಧೂಳುಗಾಳಿ ಗುಡ್ಡವನ್ನೆಲ್ಲ ಹಳದಿ ಮಾಡಿದ ದಿನ, ಒಂದು ಕೆಂಪು ಹಕ್ಕಿ ಹಿಕ್ಮತನ ಮಾಳಿಗೆಗೆ ಬಂದು ಬಿತ್ತು. ಅದು ಶುಕ್ರಿಯ ಕೆಂಪಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದಾರಿ ತಪ್ಪಿದ್ದಲ್ಲ. ಶುಕ್ರಿ ಸಂಜೆಯವರೆಗೆ ಕಾಯದೆ ಕೆಮ್ಮುತ್ತ ಕಾಫಿ ಅಂಗಡಿಗೇ ಬಂದ.

"ಹಿಕ್ಮತ್, ಇವತ್ತು ಕೈಯಲ್ಲಿ ಏನೂ ಇಲ್ಲ. ಇದೊಂದನ್ನ ಹಾಗೇ ಕೊಡು ಮಾರಾಯ."

ಸುತ್ತ ಹತ್ತು ಜನ ಇದ್ದರು. ಹತ್ತು ಜನರ ಎದುರು ಮನುಷ್ಯ ತಾನಾಗಿ ಉಳಿಯುವುದು ಕಷ್ಟ.

"ಯಾಕೆ, ನಾನೇನು ಛತ್ರ ಇಟ್ಟಿದೀನಾ? ದುಡ್ಡಿಲ್ದವನು ಹಕ್ಕಿ ಬಿಟ್ಟು ಕೋಳಿ ಸಾಕಬೇಕಪ್ಪಾ!"

ಎಲ್ಲರೂ ನಕ್ಕರು. ಶುಕ್ರಿ ಇನ್ನೇನೋ ಹೇಳಹೊರಟು, ಕೆಮ್ಮು ಬಂದು, ಹಾಗೆಯೇ ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶುಕ್ರವಾರ ಸಂತೆಯಲ್ಲಿ ಕೆಂಪಿಗೆ ಒಳ್ಳೆಯ ಬೆಲೆ ಬಂತು. ಇರಾಕಿನ ಕಡೆಯ ವ್ಯಾಪಾರಿಯೊಬ್ಬ ಅದನ್ನು ಬುಟ್ಟಿಗೆ ಹಾಕಿಕೊಂಡು ಹೋದ.

ಇಪ್ಪತ್ತು ದಿನಕ್ಕೆ ಶುಕ್ರಿ ಎದೆರೋಗದಿಂದ ತೀರಿಕೊಂಡ.

ಸಾವಿನ ಮನೆಗೆ ಯುದ್ಧವಿಲ್ಲ. ಮೂರನೆಯ ದಿನ ಹಿಕ್ಮತ್ ಹೋಗಿ ಸಕ್ಕರೆಯಿಲ್ಲದ ಕಾಫಿ ಕುಡಿದು ಎದ್ದಾಗ, ಶುಕ್ರಿಯ ಹೆಂಡತಿ ಉಮ್ ಘಸ್ಸಾನ್ ಅವನನ್ನು ಮಾಳಿಗೆಯ ಮೆಟ್ಟಿಲ ಬಳಿ ನಿಲ್ಲಿಸಿದಳು.

"ಗೂಡಲ್ಲಿ ನಾಲ್ಕು ಹಕ್ಕಿ ಉಳಿದಾವಪ್ಪ. ನಿನಗೇ ಅಂತ ತಂದಿಟ್ಟಿದ್ರು. ನಂಗೆ ಹಾರಿಸೋಕೆ ಬರಲ್ಲ. ನೀನೇ ತಗೊಂಡು ಹೋಗು."

"ನಂಗೆ ಅಂದ್ರೆ?"

"ಮತ್ತಿನ್ನೇನು? ನಿನ್ನೆ ಕೊಂಡ ಹಕ್ಕೀನ ಇವತ್ತು ಹಾರಿಸೋ ಅಷ್ಟು ಪೆದ್ದರಾ ಅವರು? 'ನನ್ನ ಕೈಯಿಂದ ಅವ್ನು ತಗೊಳ್ಳಲ್ಲ, ಆಕಾಶದಿಂದ ಬಿದ್ರೆ ತಗೋತಾನೆ' ಅಂತಿದ್ರು."

ಹಿಕ್ಮತನಿಗೆ ಕಾಫಿ ಅಂಗಡಿಯ ನಗು ಕಿವಿಯಲ್ಲಿ ಕೇಳಿಸಿತು.

"ಕೆಂಪಿ?" ಎಂದ.

"ಅದನ್ನ ಅವರು ಕಳಿಸಿರಲಿಲ್ಲ. ಗಾಳಿ ತಂದು ಹಾಕ್ತು. ಮಲಗಿದಲ್ಲಿಂದಾನೇ ಕಿಟಕಿ ಕಡೆ ನೋಡ್ತಿದ್ರು, ಹಿಕ್ಮತ್ ಬಿಟ್ಟುಬಿಡ್ತಾನೆ, ಹಳೇ ಸ್ನೇಹಿತ ಅಲ್ವಾ ಅಂತ. ಇದೆಯಾ ಅದು?"

"ಮಾರಿದೆ."

"ದುಡ್ಡು?"

"ಇಂಸಾಫಳ ಸೂಜಿಗೆ ಆಯ್ತು."

ಉಮ್ ಘಸ್ಸಾನ್ ಕಣ್ಣೊರೆಸಿಕೊಂಡಳು. "ಹೋಗ್ಲಿ ಬಿಡು. ಅದೂ ಅಲ್ಲಿಗೇ ಸೇರ್ತು."

ಆಕೆ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಒಳಗೆ ಜನರಿದ್ದಾರೆಂಬುದನ್ನೂ ಮರೆತು, ಶತ್ರುವಿನ ಮೆಟ್ಟಿಲ ಮೇಲೆ ಕುಸಿದು ಕೂತು, ಹಿಕ್ಮತ್ ಬಿಕ್ಕಿ ಬಿಕ್ಕಿ ಅತ್ತ.