ಹೆಸರಿನ ಮುಂದಿನ ಜಾಗ

"ಬಿ.ಎ. ಅಂತ ಹಾಕು ಮಾರಾಯಾ, ಎಷ್ಟೊತ್ತು ನೋಡ್ತಿ?"

ಹರಿಶ್ಚಂದ್ರ ಮಗನ ಕುರ್ಚಿಯ ಹಿಂದೆ ನಿಂತು ಕಂಪ್ಯೂಟರಿನ ಪರದೆಗೆ ಬೆರಳು ಒತ್ತಿದರು. ಬೆರಳು ನಿಂತದ್ದು 'ಚಿ. ರಾ. ಭರತ' ಎಂಬ ಹೆಸರಿನ ಬಲಕ್ಕೆ. ಅದರ ಕೆಳಗೆ 'ಚಿ. ಸೌ. ನಿಶಾ, ಬಿ.ಎ., ಬಿ.ಎಡ್.' ಎಂದು ಆಗಲೇ ಮೂಡಿತ್ತು.

ಭರತ ಹಾಕಿದ. ಅಳಿಸಿದ. ಮತ್ತೆ ಹಾಕಿದ. ಅಂಕೋಲೆಯ ಈ ಪ್ರೆಸ್ಸಿನಲ್ಲಿ ಏಳು ವರ್ಷದಿಂದ ಊರವರ ಮದುವೆ ಕಾರ್ಡು ಜೋಡಿಸುತ್ತ ಬಂದವನಿಗೆ ತನ್ನ ಕಾರ್ಡಿನ ಎರಡು ಅಕ್ಷರ ಮಾತ್ರ ಕೈಗೆ ಬರಲೊಲ್ಲವು.

"ನೀ ಕಾಲೇಜಿಗೆ ಹೋದದ್ದು ಸುಳ್ಳಾ?"

"ಐದೇ ತಿಂಗ್ಳು ಅಪ್ಪಾ."

"ಹೋದದ್ದು ಹೌದಲ್ಲ! ಯಾರು ಬಂದು ಸರ್ಟಿಫಿಕೇಟು ಕೇಳ್ತಾರೆ?"

ಹೋದದ್ದೇನೋ ಹೌದು. ಬಿ.ಎ. ಮೊದಲ ವರ್ಷದ ದೀಪಾವಳಿ ರಜೆಯಲ್ಲಿ ಬೊಮ್ಮಯ್ಯನವರ ಈ ಪ್ರೆಸ್ಸಿಗೆ ನಾಲ್ಕು ದಿನದ ಸಹಾಯಕ್ಕೆಂದು ಬಂದವನು ಕಂಪ್ಯೂಟರಿನ ಮೋಹಕ್ಕೆ ಬಿದ್ದು ತಿರುಗಿ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆಗ ಅದೊಂದು ತಪ್ಪೆಂದು ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಆಗೆಲ್ಲ ಹತ್ತು ಕಾರ್ಡು ಜೋಡಿಸಿದರೆ ಎರಡರಲ್ಲಿ ಡಿಗ್ರಿ ಸಿಕ್ಕರೆ ಹೆಚ್ಚು. ಈಗ ಎರಡು ಸಾವಿರದ ಆರನೇ ಇಸವಿ. ಡಿಗ್ರಿಯಿಲ್ಲದ ಹೆಸರು ಬಂದರೆ ಬೊಮ್ಮಯ್ಯನವರೇ, "ಏನೋ ಬಿಟ್ಟುಹೋಗಿದೆ, ಫೋನು ಮಾಡಿ ಕೇಳು" ಎನ್ನುತ್ತಾರೆ. ಜನವೂ ಹಾಗೇ ಆಗಿದ್ದಾರೆ. ಕಾರ್ಡು ಕೈಗೆ ಬಂದ ಕೂಡಲೇ ಮುಹೂರ್ತ ನೋಡುವುದಿಲ್ಲ, ಹೆಸರಿನ ಬಲಕ್ಕೆ ನೋಡುತ್ತಾರೆ.

ಹೆಣ್ಣು ನೋಡಲು ಕಾರವಾರದ ಹಬ್ಬುವಾಡಕ್ಕೆ ಹೋದ ದಿನ ನಿಶಾಳ ತಾಯಿ ಕಲಾವತಿ ಶಿರಾದ ತಟ್ಟೆ ಕೈಗಿಡುತ್ತ, "ಡಿಗ್ರಿ ಎಲ್ಲಿ ಮಾಡಿದ್ದು?" ಎಂದಿದ್ದರು. ಆಗಿದೆಯೇ ಎಂದು ಕೇಳಲಿಲ್ಲ. ಈ ಕಾಲದ ಹುಡುಗನಿಗೆ ಆಗದೆ ಎಲ್ಲಿ ಹೋಗುತ್ತದೆ ಎಂಬ ಧೈರ್ಯ. ಭರತ ಬಾಯಿ ತೆರೆಯುವ ಮೊದಲೇ ಅಪ್ಪ, "ಇಲ್ಲೇ, ಅಂಕೋಲೆಲೇ" ಎಂದುಬಿಟ್ಟಿದ್ದರು. ಬಾಯಲ್ಲಿ ಶಿರಾ ಇತ್ತು ಎಂಬುದು ಭರತ ಆಮೇಲೆ ತನಗೆ ತಾನೇ ಹೇಳಿಕೊಂಡ ನೆಪ. ನಿಜವೆಂದರೆ ನಿಶಾ ಅವನಿಗೆ ತುಂಬ ಹಿಡಿಸಿದ್ದಳು. ಹೈಸ್ಕೂಲಿನಲ್ಲಿ ಕಲಿಸುವವಳು, ತಲೆ ತಗ್ಗಿಸದೆ ನೇರ ನೋಡಿ ನಗುವವಳು. ನಿಜ ಹೇಳಿದರೆ ಅವಳು ಕೈತಪ್ಪುತ್ತಾಳೆ. ಹೇಳದಿದ್ದರೆ ಮದುವೆಯಾಗಿ ತಮ್ಮೂರು ಶೆಟಗೇರಿಗೆ ಬಂದ ವಾರದೊಳಗೆ ಯಾರಾದರೂ ಅದನ್ನು ಅವಳೆದುರು ಆಡಿ ಹಲ್ಲು ಕಿಸಿಯುತ್ತಾರೆ. ಎರಡು ತಿಂಗಳಿಂದ ಅವನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ.

ಕಾರ್ಡು ಅಚ್ಚಿಗೆ ಹೋಗುವ ಮೊದಲು ಹೆಣ್ಣಿನ ಕಡೆಯವರು ಪ್ರೂಫ್ ನೋಡಲೇಬೇಕು. ಯಾವನೋ ಸೋದರಮಾವನ ಹೆಸರು ತಪ್ಪಿದರೆ ಮದುವೆ ಮಂಟಪದಲ್ಲೇ ಮುನಿಸು. ಅಪ್ಪ ಚಹಕ್ಕೆ ಹೊರಗೆ ಹೋದದ್ದೇ ತಡ, ಭರತ ಎರಡು ಪ್ರೂಫ್ ತೆಗೆದ. ಒಂದರಲ್ಲಿ ಬಿ.ಎ. ಇತ್ತು, ಇನ್ನೊಂದರಲ್ಲಿ ಬರೀ ಹೆಸರು.

ಕಾರವಾರದ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ಬಿಟ್ಟು ಈಚೆಗೆ ಬಂದ, ಮತ್ತೆ ಕಿಟಕಿಗೆ ಹೋದ. ಅವರ್ಸಾದವರೆಗೆ ಚೀಲದಲ್ಲಿ ಬಿ.ಎ. ಇದ್ದ ಪ್ರೂಫ್ ಮೇಲಿತ್ತು, ಬಿಣಗಾ ದಾಟುವಾಗ ಇಲ್ಲದ್ದು ಮೇಲೆ ಬಂತು. ಪಕ್ಕದಲ್ಲಿ ಕೂತ ಹೆಂಗಸು ಎಷ್ಟೋ ಹೊತ್ತು ನೋಡಿ, "ಹೊಟ್ಟೆನೋವಾ ತಮ್ಮಾ?" ಎಂದು ಕೇಳಿದಳು.

ನಿಶಾ ಜಗಲಿಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಕಲಾವತಿ ಉಪಚಾರದ ಮಾತಾಡಿ ಚಹ ಮಾಡಲು ಒಳಗೆ ಹೋದರು. ಭರತ ಚೀಲಕ್ಕೆ ಕೈಹಾಕಿ ಒಂದು ಹಾಳೆ ತೆಗೆದುಕೊಟ್ಟ. ಅವಳು ಕೈಯಲ್ಲಿದ್ದ ಕೆಂಪು ಪೆನ್ನನ್ನೇ ಅದರ ಮೇಲೆ ಆಡಿಸುತ್ತ ಓದಿದಳು.

"ನಿಮ್ಮದು ಬಿಟ್ಟುಹೋಯ್ತಲ್ಲ," ಎಂದು ಪೆನ್ನು ಊರಿದಳು.

"ಬಿಟ್ಟುಹೋದದ್ದಲ್ಲ. ನಂದು ಡಿಗ್ರಿ ಆಗ್ಲಿಲ್ಲ. ಐದು ತಿಂಗ್ಳು ಹೋಗಿ ಬಿಟ್ಟೆ."

ಪೆನ್ನು ಅಲ್ಲೇ ನಿಂತಿತು. "ಆ ದಿವ್ಸ ಯಾಕೆ ಹೇಳ್ಲಿಲ್ಲ?"

"ನೀವು ಬೇಡ ಅಂದ್ರೆ ಅಂತ ಹೆದ್ರಿಕೆ ಆಯ್ತು." ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಅವನಿಗೆ ಸುಮ್ಮನಿರಲಾಗಲಿಲ್ಲ. "ಬೇಕಾದ್ರೆ ಇಬ್ರದ್ದೂ ತೆಗೀವಾ. ಬರೇ ಹೆಸ್ರಿದ್ರೆ ಕಾರ್ಡು ಚೆಂದ ಕಾಣ್ತದೆ."

"ನಂದು ಯಾಕೆ ತೆಗೀಬೇಕು?" ನಿಶಾಳ ದನಿ ಏರಿತು. ತಾಯಿ ಇದ್ದ ಒಳಗಿನ ಕಡೆ ನೋಡಿ ತಗ್ಗಿಸಿದಳು. "ಆಯಿನ್ನ ನೋಡೂಕೆ ಬಂದವ್ರು ಅಡುಗೆ ಬರ್ತದಾ ಕೇಳಿದ್ರಂತೆ. ನನ್ನ ನೋಡೂಕೆ ಬಂದವ್ರು ಬರೇ ಬಿ.ಎ.ನಾ ಅಂತ ಕೇಳಿದ್ರು. ಅದ್ಕೇ ಬಿ.ಎಡ್. ಮಾಡಿದ್ದು, ನೀವು ಏನ್ ತಿಳ್ಕಂಡ್ರಿ? ಆದ್ರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಿದ್ದು ನಾನೇ ಅಲ್ವಾ?"

ಭರತನ ಮುಖ ಕೆಂಪಾಯಿತು. ನಾಚಿಕೆ ಡಿಗ್ರಿಯಿಲ್ಲದ್ದಕ್ಕಲ್ಲ, ಈಗ ಆಡಿದ ಮಾತಿಗೆ. "ತೆಗೆಯೂದಿಲ್ಲ," ಎಂದ. ಚೀಲದಲ್ಲಿದ್ದ ಇನ್ನೊಂದು ಹಾಳೆಯನ್ನೂ ತೆಗೆದು ಅವಳ ಮುಂದಿಟ್ಟ. "ಇದೂ ತಂದಿದ್ದೆ."

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಯಾವ್ದು ಕೊಡೂದು ಅಂತ ಯಾವಾಗ ತೀರ್ಮಾನ ಆಯ್ತು?"

"ನಿಮ್ಮ ಗೇಟು ತೆಗೆಯುವಾಗ."

ಅವಳಿಗೆ ನಗು ಬಂದಂತಾಯಿತು, ನಗಲಿಲ್ಲ. ಬಿ.ಎ. ಇದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರೀಕ್ಷೆ ಪೇಪರುಗಳ ಅಡಿಗೆ ತಳ್ಳಿದಳು. ಅಷ್ಟರಲ್ಲಿ ಕಲಾವತಿ ಚಹ ತಂದರು.

"ಹೆಸ್ರೆಲ್ಲ ಸರಿ ಅದ್ಯಾ? ನಾನೂ ಒಂದ್ಸಲ ನೋಡ್ತೆ."

ಅವರು ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ಕುಲದೇವರ ಹೆಸರು ದಾಟಿತು, ಶೆಟಗೇರಿ ದಾಟಿತು. "ಚಿರಂಜೀವಿ ರಾಜಶ್ರೀ ಭರತ..." ಬೆರಳು ಬಲಕ್ಕೆ ಸರಿದು ಖಾಲಿ ಜಾಗದಲ್ಲಿ ನಿಂತಿತು. ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಭರತ ಏಳಲು ಹೋದ.

ನಿಶಾ ತಾಯಿಯ ಕುರ್ಚಿಯ ಹಿಂದೆ ಬಂದು ನಿಂತಳು.

"ಅದು ಸರಿ ಅದೆ ಆಯಿ," ಎಂದಳು. "ಮುಂದೆ ಓದು."

ಬೆರಳು ಬಹಳ ಹೊತ್ತು ಅಲ್ಲೇ ಇತ್ತು. ಚಹದ ಮೇಲೆ ಕೆನೆ ಕಟ್ಟಿತು. ಆಮೇಲೆ ಬೆರಳು ನಿಧಾನವಾಗಿ ಕೆಳಗಿನ ಸಾಲಿಗೆ ಇಳಿಯಿತು.