ಹುಂಡಾ ಇಲ್ಲದ ಲಗ್ನ

ಬಸವಕಲ್ಯಾಣದ ವೈಜನಾಥ ಮಾಸ್ತರರ ಮನೆಯಲ್ಲಿ ಮುಂಜಾನೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಹಿರಿಯ ಮಗಳು ಕೇಶರಬಾಯಿ. ತಾಯಿ ತೀರಿಕೊಂಡಾಗ ಅವಳಿಗೆ ಹನ್ನೆರಡು, ತಂಗಿ ಕಮಳಾಗೆ ಎಂಟು. ಅಂದಿನಿಂದ ರೊಟ್ಟಿ ಬಡಿದು, ತಂಗಿಯ ಜಡೆ ಹೆಣೆದು, ಆಮೇಲೆ ಶಾಲೆಗೆ ಓಡುವುದು ಅವಳ ದಿನಚರಿಯಾಯಿತು. ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ಹುಂಡಾದ, ಅಂದರೆ ವರದಕ್ಷಿಣೆಯ, ವಿರುದ್ಧ ಎಲ್ಲಿ ಸಭೆ ನಡೆದರೂ ಮಾತಾಡಲು ಅವರಿಗೇ ಕರೆ. ಅವರು ವೇದಿಕೆಯ ಮೇಲೆ ಗುಡುಗುವಾಗ ಹೆಂಗಸರ ಸಾಲಿನಲ್ಲಿ ಕುಳಿತ ಕೇಶರಬಾಯಿಯ ಎದೆ ಹೆಮ್ಮೆಯಿಂದ ತುಂಬಿ ಬರುತ್ತಿತ್ತು.

೧೯೭೪ರ ಮಾತು. ಹುಮನಾಬಾದಿನಲ್ಲಿ ಬೇಳೆ ಮಿಲ್ಲಿನ ಮಹಾರುದ್ರಪ್ಪ ಸಾವಕಾರರ ಹೆಸರು ಕೆಟ್ಟುಹೋಗಿತ್ತು. ತೊಗರಿಬೇಳೆಯಲ್ಲಿ ಕೇಸರಿಬೇಳೆ ಬೆರೆಸಿ ಮಾರಿದರೆಂದು, ಅದನ್ನೇ ಉಂಡ ದುಬಲಗುಂಡಿಯ ಕೂಲಿಕಾರರ ಕಾಲು ಸೆಟೆದುಹೋದವೆಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ವಿದ್ಯಾರ್ಥಿನಿಲಯಗಳಿಗೆ ಬೇಳೆ ಒದಗಿಸುವ ಗುತ್ತಿಗೆ ಕೈತಪ್ಪಿತು. ಬಜಾರಿನಲ್ಲಿ ಎದುರಾದವರು ಮುಖ ತಿರುಗಿಸಿ ನಡೆಯತೊಡಗಿದರು. ಆಗ ಸಾವಕಾರರು, ಬಡ ಮಾಸ್ತರರೊಬ್ಬರ ಮಗಳನ್ನು ಒಂದು ಪೈಸೆ ಹುಂಡಾ ಇಲ್ಲದೆ ಸೊಸೆ ಮಾಡಿಕೊಳ್ಳುವೆನೆಂದು ನಾಲ್ಕು ಜನರ ಮುಂದೆ ಸಾರಿದರು. ಆ ಮಗಳೇ ಕೇಶರಬಾಯಿ.

ಲಗ್ನಕ್ಕೆ ಪತ್ರಿಕೆಯವರು ಬಂದರು. ಸಾವಕಾರರ ಮಗ ಬಸವಣಪ್ಪನ ಪಕ್ಕದಲ್ಲಿ ಅವಳು ತಲೆ ತಗ್ಗಿಸಿ ನಿಂತ ಫೋಟೊ ಅಚ್ಚಾಯಿತು. ಕೆಳಗೆ, ‘ಸಮಾಜಕ್ಕೆ ಮಾದರಿಯಾದ ಉದ್ಯಮಿ’ ಎಂಬ ಮಾತು. ವರ್ಷ ತುಂಬುವುದರೊಳಗೆ ಕೈತಪ್ಪಿದ ಗುತ್ತಿಗೆ ಮರಳಿ ಬಂತು. ದುಬಲಗುಂಡಿಯವರ ಮಾತು ಯಾರ ಬಾಯಲ್ಲೂ ಉಳಿಯಲಿಲ್ಲ.

ದೊಡ್ಡವರು ಯಾರೇ ಮನೆಗೆ ಬರಲಿ, ಚಹದ ತಟ್ಟೆ ಹಿಡಿದು ಅವಳೇ ಪಡಸಾಲೆಗೆ ಬರಬೇಕು. “ಇಕಿ ನಮ್ಮ ಸೊಸಿ ನೋಡ್ರಿ. ಕೈಯಾಗ ಹಸಿರ ಬಳಿ ಬಿಟ್ರ ಏನೂ ತಂದಿಲ್ಲ. ಮಗಳಂಗ ಇಟ್ಕೊಂಡೀವಿ” ಎಂದು ಸಾವಕಾರರು ನಗುತ್ತಿದ್ದರು. ಅತಿಥಿಗಳು ಹೊಸ್ತಿಲು ದಾಟಿದೊಡನೆ ಅತ್ತೆ ಸುಂದರಬಾಯಿಯ ದನಿ ಬದಲಾಗುತ್ತಿತ್ತು. “ಬರೀ ಕೈಲಿ ಬಂದಾಕಿಗಿ ಕುಂತು ಉಣ್ಣೂ ಹೌಸ ಯಾಕ? ಮಿಲ್ಲಿನ ಹದಿನೈದು ಮಂದಿಗಿ ರೊಟ್ಟಿ ಯಾರ ಬಡೀಬೇಕು?”

ಬಸುರಿನ ಐದನೇ ತಿಂಗಳಲ್ಲಿ, ತುಂಬಿದ ಕೊಡ ಹೊತ್ತು ಮೆಟ್ಟಿಲು ಏರುವಾಗ ಅವಳು ಕುಸಿದು ಬಿದ್ದಳು. ನೆತ್ತರು ನಿಲ್ಲಲಿಲ್ಲ. ಟಾಂಗಾ ತರಲು ಹೊರಟ ಬಸವಣಪ್ಪನನ್ನು ಸಾವಕಾರರು ಬಾಗಿಲಲ್ಲೇ ತಡೆದರು.

“ದವಾಖಾನಿಗಿ ಬ್ಯಾಡ. ಹುಂಡಾ ಇಲ್ಲದ ಸೊಸಿನ್ನ ದುಡಿಸಿ ಹಣ್ಣ ಮಾಡ್ಯಾರ ಅಂತಾರ ಮಂದಿ. ಸೂಲಗಿತ್ತಿನ್ನ ಇಲ್ಲೇ ಕರೀರಿ.”

ಬಸವಣಪ್ಪ ತಂದೆಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಮತ್ತೆ ಒಳಗೆ ಬಂದು ಕುಳಿತ. ಕೂಸು ಉಳಿಯಲಿಲ್ಲ.

ಎದ್ದು ಕೂರುವಷ್ಟು ಬಲ ಬಂದಾಗ ಕೇಶರಬಾಯಿ ತಂದೆಗೆ ಕಾಗದ ಬರೆದು, ತನ್ನನ್ನು ಕರೆದುಕೊಂಡು ಹೋಗಬೇಕೆಂದು ಕೇಳಿದಳು. ಮಾಸ್ತರರ ಉತ್ತರ ಬಂತು: ‘ತಾಳಿಕೋ ಮಗಳೇ. ನಿನ್ನ ಲಗ್ನ ಈಗ ನಿನ್ನೊಬ್ಬಳದಲ್ಲ. ನೀನು ತವರಿಗೆ ಮರಳಿದರೆ, ಹುಂಡಾ ಇಲ್ಲದ ಲಗ್ನ ಬಾಳುವುದಿಲ್ಲವೆಂದು ಜನ ನಗುತ್ತಾರೆ. ಎಷ್ಟೋ ಬಡ ಹುಡುಗಿಯರ ದಾರಿ ಮುಚ್ಚುತ್ತದೆ.’ ಅವಳು ಆ ಕಾಗದವನ್ನು ಎರಡು ಸಲ ಓದಿದಳು. ತಾನು ಎಂದೂ ಕಾಣದ ಆ ಹುಡುಗಿಯರಿಗಾಗಿ ತಾಳಿಕೊಳ್ಳುವುದೆಂದು ನಿಶ್ಚಯಿಸಿದಳು.

ಹೀಗೆ ಎರಡನೆಯ ವರ್ಷ ನಡೆದಿರುವಾಗ, ಒಂದು ಮಧ್ಯಾಹ್ನ ಹಿತ್ತಲಿಗೆ ತೊಗರಿಯ ಚೀಲ ತುಂಬಿದ ಬಂಡಿ ಬಂತು. ಹೊಡೆದುಕೊಂಡು ಬಂದವನು ಹುಸೇನ. ಹುಲಸೂರಿನಲ್ಲಿ ಅವಳ ತಾಯಿಗೆ ತವರಿನಿಂದ ಬಂದಿದ್ದ ಆರು ಎಕರೆ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಹಿರಿಯ. ತಾಯಿ ಸತ್ತ ಮೇಲೆ ಆ ಹೊಲ ಮಾಸ್ತರರ ಹೆಸರಿಗೆ ಬಂದಿತ್ತು. ಇಬ್ಬರು ಹೆಣ್ಣುಮಕ್ಕಳ ಓದಿಗೆ ಅದನ್ನು ಮುಟ್ಟದೆ ಇಡಬೇಕೆಂಬುದು ತಾಯಿಯ ಕೊನೆಯ ಮಾತು.

“ಹುಸೇನ ಕಾಕಾ, ನಮ್ಮ ಹೊಲದ ತೊಗರಿ ಇಲ್ಲಿಗ್ಯಾಕ ತಂದ್ರಿ?”

ಹುಸೇನ ಬೆರಗಾದ. “ನಿಮ್ಮ ಹೊಲ ಎಲ್ಲೈತವ್ವಾ? ಮೂಡಣದ ಮೂರು ಎಕರೆ ನಿನ್ನ ಲಗ್ನಕ್ಕ ಮೊದಲೇ ಸಾವಕಾರ್ರ ಹೆಸರಿಗಿ ಆತಲ್ಲ. ಉಳದ ಮೂರು ಎಕರೆನೂ ಈಗ ಬರಕೊಡ್ತಾರಂತ, ಕಮಳಾನ ಲಗ್ನಕ್ಕ. ಸಾವಕಾರ್ರ ಸೋದರಳಿಯಗ ಕೊಡಾಕತ್ತಾರಲ್ಲ. ನಿನಗ ಹೇಳಿಲ್ಲೇನು?”

ಕೇಶರಬಾಯಿ ಬಂಡಿಯ ಗಾಲಿ ಹಿಡಿದು ನಿಂತಳು. ಬರಿಗೈಯಲ್ಲಿ ಬಂದವಳೆಂಬ ಮಾತಿಗೆ ಒಳಗೊಳಗೇ ಹೆಮ್ಮೆಪಟ್ಟು ಇಷ್ಟು ದಿನ ತಲೆ ತಗ್ಗಿಸಿದ್ದಳು. ಅವಳು ಬರಿಗೈಯಲ್ಲಿ ಬಂದಿರಲೇ ಇಲ್ಲ.

ಆ ವಾರ ವರ್ತಕರ ಸಂಘದಿಂದ ಸಾವಕಾರರಿಗೆ ಸನ್ಮಾನ. ಸೋದರಳಿಯನಿಗೂ ಹುಂಡಾ ಇಲ್ಲದೆ ಲಗ್ನ ಮಾಡುವ ಮಾತು ಅಲ್ಲೇ ಸಾರುವುದಿತ್ತು. ಹಿಂದಿನ ದಿನವೇ ಮಾಸ್ತರರು ಕಮಳಾಳನ್ನು ಕರೆದುಕೊಂಡು ಬಂದರು. ಹದಿನಾರರ ಹುಡುಗಿ, ಹತ್ತನೆಯ ತರಗತಿ. ಕೇಶರಬಾಯಿ ತಂದೆಯನ್ನು ಹಿತ್ತಲಿಗೆ ಕರೆದಳು.

“ಅಪ್ಪಾ, ಅವ್ವನ ಹೊಲ ಕೊಟ್ಟೀರೇನು?”

ಮಾಸ್ತರರು ಸುಳ್ಳು ಹೇಳಲಿಲ್ಲ. “ತಾಯಿಲ್ಲದ ಹುಡುಗ್ಯಾರು. ದೊಡ್ಡ ಮನೆತನ ತಾನಾಗಿ ಕೇಳಿ ಬಂತು. ಏನೂ ಇಲ್ಲದ ಯಾರ ಮಾಡ್ಕೊತಾರ ಹೇಳು?”

“ಮತ್ತ ಆ ಭಾಷಣ?”

“ಒಳಗಿಂದು ಎರಡು ಮನಿ ಮಾತು, ಕೇಶರ. ಹೊರಗ ಕಂಡದ್ದು ಸಮಾಜದ ಹಿತಕ್ಕ. ಅದನ್ನ ನೋಡಿ ಹತ್ತು ಮಂದಿ ಹುಂಡಾ ಬಿಟ್ರ ಒಳ್ಳೇದಲ್ಲೇನು?”

“ಯಾರ ಬಿಟ್ರು? ಒಬ್ಬರ ಹೆಸರ ಹೇಳ್ರಿ.”

ಮಾಸ್ತರರು ಪಡಸಾಲೆಯ ಬಾಗಿಲ ಕಡೆ ತಿರುಗಿ ನೋಡಿದರು.

“ನಾ ಕೂಸು ಕಳಕೊಂಡಾಗ ತಾಳಿಕೋ ಅಂತ ಬರದ್ರಿ. ಯಾರೋ ಬಡ ಹುಡುಗ್ಯಾರ ಸಲುವಾಗಿ ಅಂತ ನಾ ಸುಮ್ಮನಾದೆ. ಖರೇ ಅಂದ್ರ ಅದು ನಿಮ್ಮ ಇಜ್ಜತ್ತಿನ ಸಲುವಾಗಿ ಇತ್ತು.”

“ಮೆಲ್ಲಕ ಮಾತಾಡು, ಯಾರರೆ ಕೇಳ್ಯಾರು” ಎಂದರು ಮಾಸ್ತರರು. ಮನೆಯ ಹೆಸರಿಗೆ ಹೆದರುವ ಆ ದನಿಯನ್ನು ಅವಳು ಮಾವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು. ತಂದೆಯ ಬಾಯಲ್ಲಿ ಇದೇ ಮೊದಲು.

ಮರುದಿನ ಮಾರ್ಕೆಟ್ ಯಾರ್ಡಿನಲ್ಲಿ ಪೆಂಡಾಲು ಕಿಕ್ಕಿರಿದಿತ್ತು. ಸಾವಕಾರರಿಗೆ ಶಾಲು ಹೊದಿಸಿದ ಮೇಲೆ ಸೊಸೆಯ ಎರಡು ಮಾತು ಎಂದು ಕರೆದರು. ಮಾಸ್ತರರು ತಾವೇ ಬರೆದುಕೊಟ್ಟ ಹೊಗಳಿಕೆಯ ಹಾಳೆ ಅವಳ ಕೈಯಲ್ಲಿತ್ತು. ಅದನ್ನು ಅವಳು ಮಡಚಿದಳು.

“ನನ್ನ ಲಗ್ನಕ್ಕ ಹುಲಸೂರಿನ ಮೂರು ಎಕರೆ ಹೊಲ ಹುಂಡಾ ಅಂತ ಕೊಟ್ಟಾರ. ಕೊಟ್ಟವರೂ ಇಲ್ಲೇ ಕುಂತಾರ, ತಗೊಂಡವರೂ ಇಲ್ಲೇ ಕುಂತಾರ. ನನ್ನ ತಂಗಿಗಿ ಇನ್ನ ಮೂರು ಎಕರೆ ಕೇಳ್ಯಾರ. ಆ ಲಗ್ನ ಆಗಂಗಿಲ್ಲ.”

ಯಾರೋ ಮೈಕಿನ ತಂತಿ ಕಿತ್ತರು. “ಸೊಸಿಗಿ ಮೈಯಾಗ ಆರಾಮಿಲ್ಲ” ಎನ್ನುತ್ತ ಸಾವಕಾರರು ಎದ್ದು ನಿಂತು ಕೈ ಮುಗಿದರು. ಅಷ್ಟರಲ್ಲಿ ಅವಳು ಕೆಳಗಿಳಿದು, ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಕಮಳಾಳ ಕೈ ಹಿಡಿದಿದ್ದಳು. ಬಸವಣಪ್ಪ ಎದುರಿಗೆ ಬಂದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಕ್ಕತಂಗಿಯರು ಬಸ್ಸು ಹಿಡಿದು ಹುಲಸೂರಿಗೆ, ತಾಯಿಯ ತಾಯಿ ಸರುಬಾಯಿಯ ಮನೆಗೆ ಹೋದರು.

ಪತ್ರಿಕೆಯಲ್ಲಿ ಸನ್ಮಾನದ ಸುದ್ದಿ ಬಂತು. ಅವಳಾಡಿದ ಮಾತು ಬರಲಿಲ್ಲ. ಆದರೆ ಕೇಳಿದವರು ಕೇಳಿದ್ದರು. ಸೋದರಳಿಯನ ಲಗ್ನ ಮುರಿಯಿತು.

ತಿಂಗಳ ಮೇಲೆ ಮಾಸ್ತರರು ಹುಲಸೂರಿಗೆ ಬಂದರು. ಸೊರಗಿದ್ದರು. ಸರುಬಾಯಿ ಕೊಟ್ಟ ನೀರನ್ನು ಅಂಗಳದಲ್ಲೇ ನಿಂತು ಕುಡಿದು, ಜೇಬಿನಿಂದ ಒಂದು ಹಾಳೆ ತೆಗೆದರು.

“ಸಾವಕಾರ್ರು ದೊಡ್ಡ ಮನಸ ಮಾಡ್ಯಾರ. ಕೂಸು ಹೋದ ದುಃಖದಾಗ ತಲಿ ಕೆಟ್ಟು ಹಂಗ ಅಂದೆ ಅಂತ ಸಹಿ ಹಾಕಿದ್ರ ತಿರುಗಿ ಮನಿಗಿ ಕರ್ಕೊತಾರಂತ. ನಾನೇ ಬರದು ತಂದೀನಿ.”

ಕೇಶರಬಾಯಿ ಹಾಳೆ ನೋಡಿದಳು. ತನಗೆ ಮೊದಲ ಅಕ್ಷರ ತಿದ್ದಿಸಿದ ಕೈಬರಹ. ಇಷ್ಟು ದಿನ ಬರದ ಅಳು ಈಗ ಬಂತು. ಅಳುತ್ತಲೇ ಅದನ್ನು ತಂದೆಯ ಕೈಗೆ ಮರಳಿ ಇಟ್ಟಳು.

“ಉಳದ ಮೂರು ಎಕರೆ ಕಮಳಾನ ಹೆಸರಿಗಿ ಮಾಡ್ಸಿದ ಕಾಗದ ತರ್ರಿ, ಒಳಗ ಕರೀತೀನಿ. ಇಂಥಾ ಕಾಗದ ಹಿಡಕೊಂಡು ಮಾತ್ರ ಬರಬ್ಯಾಡ್ರಿ ಅಪ್ಪಾ.”

ಮಾಸ್ತರರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರು ಹೊರಟಾಗ ಅವಳು ಬಾಗಿಲವರೆಗೂ ಹೋಗಲಿಲ್ಲ. ಒಳಗೆ ಹೋಗಿ ಕಣ್ಣೊರೆಸಿಕೊಂಡು, ಮಾರ್ಚಿನ ಪರೀಕ್ಷೆಗೆ ಓದುತ್ತಿದ್ದ ತಂಗಿಯ ಪಕ್ಕದಲ್ಲಿ ಕುಳಿತು, ಅವಳಿಗೆ ತಿಳಿಯದ ಲೆಕ್ಕ ಯಾವುದೆಂದು ಕೇಳಿದಳು.